ಡಾಕ್ಟರ್ ಮನ್ಮಥಪ್ಪನವರ ಹಂದಿ ಪ್ಯಾಂಟು

ದೇವರು ಹಂದಿಯನ್ನು ಯಾಕೆ ಹುಟ್ಟಿಸಿದ ಎಂಬ ಪ್ರಶ್ನೆಗೆ ಡಾಕ್ಟರ್ ಮನ್ಮಥಪ್ಪನವರಿಗೆ ಇಪ್ಪತ್ತು ವರ್ಷ ನೌಕರಿ ಮಾಡಿದ ಮೇಲೂ ಉತ್ತರ ಸಿಕ್ಕಿರಲಿಲ್ಲ. ಎಮ್ಮೆಗೆ ಹಾಲಿದೆ, ಎತ್ತಿಗೆ ಹೆಗಲಿದೆ, ಕುರಿಗೆ ಉಣ್ಣೆಯಿದೆ, ನಾಯಿಗೆ ನಿಯತ್ತಾದರೂ ಇದೆ. ಹಂದಿಗೆ ಏನಿದೆ? ಪಶುವೈದ್ಯ ಕಾಲೇಜಿನಲ್ಲಿ ಅದರ ಮೇಲೂ ಒಂದು ಪೇಪರಿತ್ತು, ಅಷ್ಟೇ. ಆ ಪೇಪರಿನಲ್ಲಿ ಅವರು ಒಳ್ಳೆಯ ಮಾರ್ಕು ತೆಗೆದಿದ್ದರು. ಪುಸ್ತಕದಲ್ಲಿರುವ ಹಂದಿಗೆ ವಾಸನೆ ಇರುವುದಿಲ್ಲವಲ್ಲ.

ಮನ್ಮಥಪ್ಪನವರು ಗಡಿಯಾಚೆ, ಹೈದರಾಬಾದಿನ ಕಡೆಯ ನಾಗಲಗಿದ್ದದ ಪಶು ದವಾಖಾನೆಯ ಡಾಕ್ಟರು. ಮನೆ ನಾರಾಯಣಖೇಡದಲ್ಲಿ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಎರಡು ಹೊತ್ತು ಪೂಜೆ ತಪ್ಪದ ಮನೆತನ. ಅಂಥ ಮನೆಯಲ್ಲಿ ಆ ಪ್ರಾಣಿಯ ಹೆಸರೆತ್ತುವುದಾದರೂ ಹೇಗೆ? ತಾಯಿ ಗುರುಲಿಂಗಮ್ಮ ಅದನ್ನು 'ಅದು' ಎಂದಷ್ಟೇ ಕರೆಯುತ್ತಿದ್ದರು. ಸಂಜೆ ಮಗನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಒಳಗಿನಿಂದಲೇ ವಿಚಾರಣೆ ಶುರು.

"ಇವತ್ತ ಅದರ ಕಡಿ ಹೋಗಿದ್ದೇನಪಾ?"

"ಹೂಂ ಅವ್ವಾ, ಹೋಗಿದ್ದೆ."

"ಹಂಗಾರ ಹಿತ್ತಲ ಬಾಕಲಿಗಿ ಬಾ. ನೀರು ಕಾದಾವ."

ಐವತ್ತರ ಹತ್ತಿರದ, ಸರಕಾರಿ ಮೊಹರು ಇರುವ ಅಧಿಕಾರಿ ತಲೆ ತಗ್ಗಿಸಿ ಹಿತ್ತಲಿಗೆ ಸುತ್ತು ಹಾಕಿ ಬರುವರು. ತಲೆಯ ಮೇಲಿಂದ ಜಳಕವಾಗಿ, ವಿಭೂತಿ ಹಚ್ಚಿದ ಮೇಲೆ ಮತ್ತೆ ಮನುಷ್ಯರಾಗುವರು.

ಇಂಥ ಮನೆಯ ಮಗ ಹಂದಿಗೂ ಡಾಕ್ಟರಾಗಬೇಕೆಂದರೆ ಅದಕ್ಕೊಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆಗೆ ದವಾಖಾನೆಯಲ್ಲಿ ಹಂದಿ ಪ್ಯಾಂಟು ಎಂದು ಹೆಸರು. ಖಾಕಿಯ ಒಂದು ಪ್ಯಾಂಟು, ಬಣ್ಣ ಯಾವುದೆಂದು ಈಗ ಯಾರಿಗೂ ನೆನಪಿಲ್ಲದ ಒಂದು ಅಂಗಿ, ಒಂದು ಜೊತೆ ಗಮ್‌ಬೂಟು. ದವಾಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಮೊಳೆಗೆ ಇವು ನೇತಾಡುತ್ತಿದ್ದವು. ಹಂದಿಯ ಕಡೆ ಹೋಗುವಾಗ ಮಾತ್ರ ಡಾಕ್ಟರು ಇವನ್ನು ತೊಡುವರು. ಬಂದ ಮೇಲೆ ಕಳಚಿ ಮತ್ತೆ ಅದೇ ಮೊಳೆಗೆ ನೇತು ಹಾಕಿ, ಎಮ್ಮೆಗಳ ತೊಟ್ಟಿಯ ನಲ್ಲಿಯಲ್ಲಿ ಒಂದು ಸಲ, ಮನೆಯ ಹಿತ್ತಲಲ್ಲಿ ಇನ್ನೊಂದು ಸಲ ಜಳಕ ಮಾಡುವರು. ಎಮ್ಮೆ ನೋಡಲು ಹೋದಾಗ ತೊಟ್ಟ ಬಟ್ಟೆಯಲ್ಲೇ ಊಟಕ್ಕೆ ಕೂತರೂ ತಾಯಿಯ ತಕರಾರಿರಲಿಲ್ಲ. ಎಮ್ಮೆಯ ಸಗಣಿ ಸಗಣಿ ಅಲ್ಲವೇನೋ.

ಇನ್ನು ಆ ಹಂದಿ ಪ್ಯಾಂಟನ್ನು ಒಗೆಯುವವರು ಯಾರು? ಮನೆಗೆ ಅದನ್ನು ತರುವ ಮಾತೇ ಇಲ್ಲ. ಊರಿನ ಇಸ್ತ್ರಿ ಅಂಗಡಿಯವನು "ನಮ್ಮಲ್ಲಿ ದೊಡ್ಡ ದೊಡ್ಡ ಮಂದಿ ಅರಿವಿ ಬರ್ತಾವ್ರಿ ಸಾಹೇಬ್ರ" ಎಂದು ಕೈ ಮುಗಿದ. ದವಾಖಾನೆಯ ಅಟೆಂಡರ್ ಮಾಣಿಕ ಒಂದು ಸಲ ಮನೆಗೆ ಒಯ್ದಿದ್ದ, ಅವನ ಹೆಂಡತಿ ಪ್ಯಾಂಟಿನ ಜೊತೆಗೆ ಅವನನ್ನೂ ಹೊರಗೆ ಹಾಕಿದಳು. ಹಾಗಾಗಿ ಅದು ನೀರು ಕಂಡು ಎಷ್ಟು ಕಾಲವಾಗಿತ್ತೋ ಶಿವನೇ ಬಲ್ಲ. ಮೊಳೆಯಿಂದ ತೆಗೆದು ನೆಲಕ್ಕೆ ಇಟ್ಟರೆ ತಾನಾಗಿಯೇ ನಿಲ್ಲುವಷ್ಟು ಸ್ವಾವಲಂಬಿಯಾಗಿತ್ತು. ಅದರಿಂದ ಯಾರಿಗೂ ತೊಂದರೆ ಕಾಣಲಿಲ್ಲ. ಮಡಿ ಇರಬೇಕಾದವರು ಡಾಕ್ಟರು, ಅವರು ದಿನಕ್ಕೆ ಎರಡು ಸಲ ತೊಳೆದುಕೊಳ್ಳುತ್ತಲೇ ಇದ್ದರು. ಇಷ್ಟು ಮಡಿವಂತರಾಗಿ ಆ ಪ್ರಾಣಿಯ ವೈದ್ಯ ಮಾಡುವವರು ಈ ಸೀಮೆಯಲ್ಲೇ ಇನ್ನೊಬ್ಬರಿಲ್ಲ ಎಂದು ಮಠದಲ್ಲಿ ಕೂಡ ಮೆಚ್ಚುಗೆಯಿತ್ತು.

ವೈದ್ಯದ ಪದ್ಧತಿಯೂ ಅಷ್ಟೇ ಮಡಿ. ಡಾಕ್ಟರು ಹಂದಿಗಳ ನಡುವೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವರು. ಕಾಲು ಒಳಗೆ, ಕೈ ಹೊರಗೆ. ಬಾಲ ಎತ್ತುವುದು, ಬಾಯಿ ಬಿಡಿಸುವುದು, ಸೂಜಿ ಚುಚ್ಚುವುದು ಎಲ್ಲ ಮಾಣಿಕನ ಪಾಲು. ಆದರೆ ಆ ವರ್ಷ ಚಳಿಗಾಲ ಬರುತ್ತಲೇ ಮಾಣಿಕ ಅಯ್ಯಪ್ಪನ ಮಾಲೆ ಹಾಕಿಕೊಂಡ. ಕರಿ ಲುಂಗಿ, ಕರಿ ಅಂಗಿ, ಹಣೆ ತುಂಬ ಗಂಧ. ಮಾಲೆ ಹಾಕಿದವರನ್ನು ಹೆಸರು ಹಿಡಿದು ಕರೆಯುವಂತಿಲ್ಲ. ನಿನ್ನೆಯವರೆಗೆ "ಏ ಮಾಣಿಕ್ಯಾ" ಎನ್ನುತ್ತಿದ್ದ ಡಾಕ್ಟರು ಇವತ್ತಿನಿಂದ ಅಟೆಂಡರಿಗೆ "ಸ್ವಾಮಿ" ಎನ್ನಬೇಕಾಯಿತು. ಸ್ವಾಮಿಗಳು ಹಂದಿ ಮುಟ್ಟುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆಗಲೇ ಸತೀಶಕುಮಾರನ ಫಾರ್ಮಿನಲ್ಲಿ ಮರಿಗಳಿಗೆ ಭೇದಿ ಹತ್ತಿತು. ಸತೀಶಕುಮಾರ ನಾರಾಯಣಖೇಡದ ರಸ್ತೆಯಲ್ಲಿ ಬಿಳಿ ಹಂದಿ ಸಾಕುವ ಹುಡುಗ, ಡಿಗ್ರಿ ಓದಿದವನು. ಮೊಬೈಲಿನಲ್ಲಿ ನೋಡಿ ನೋಡಿ ಶೆಡ್ಡು ಕಟ್ಟಿ, ನೆಲಕ್ಕೆ ಭತ್ತದ ಹೊಟ್ಟು ಹರಡಿ, ಬಹಳ ಚಂದವಾಗಿ ಇಟ್ಟಿದ್ದ. ಹುಟ್ಟಿ ವಾರ ಕಳೆಯದ ಮರಿಗಳು ಕುಡಿದ ಹಾಲನ್ನು ಕಾರಿಕೊಂಡು, ಹಳದಿ ನೀರಿನಂತೆ ಭೇದಿ ಮಾಡಿ ಒಂದರ ಮೇಲೊಂದು ಬಿದ್ದಿದ್ದವು. ಡಾಕ್ಟರು ನಡುವೆ ನಿಂತು, ಕೈ ಹಿಂದೆ ಕಟ್ಟಿ, ಕಣ್ಣು ಕಿರಿದು ಮಾಡಿ ನೋಡಿದರು. "ಬ್ಯಾಕ್ಟೀರಿಯಾ. ಆ್ಯಂಟಿಬಯಾಟಿಕ್ ಕೊಡ್ರಿ, ಆಗ್ತದ" ಎಂದರು. ಮರಿಗಳು ಔಷಧವನ್ನು ವಿಧೇಯವಾಗಿ ತೆಗೆದುಕೊಂಡವು, ಅಷ್ಟೇ ವಿಧೇಯವಾಗಿ ಸತ್ತವು. ದೊಡ್ಡ ಹಂದಿಗಳಿಗೂ ಒಂದೆರಡು ದಿನ ಹೊಟ್ಟೆ ಸಡಿಲವಾಗಿ ತಾನಾಗಿಯೇ ನೆಟ್ಟಗಾಯಿತು.

ಸತೀಶಕುಮಾರನ ಫಾರ್ಮಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆಯೇ ಡಾಕ್ಟರು ಅದೇ ಪ್ಯಾಂಟು, ಅದೇ ಬೂಟಿನಲ್ಲಿ ಮೈಸಮ್ಮನ ಊರಿಗೆ ಹೋದರು. ಮೈಸಮ್ಮನದು ತಲೆತಲಾಂತರದಿಂದ ಕರಿ ಹಂದಿ ಸಾಕುವ ಮನೆ. ಊರ ಹೊರಗೆ ಮಣ್ಣಿನ ಗೋಡೆಯ ಅಂಗಳ, ಅದರಲ್ಲಿ ಏಳೆಂಟು ಹೆಣ್ಣು ಹಂದಿ. ಒಂದೊಂದಕ್ಕೂ ಹೆಸರು. ಗಬ್ಬದ ಹಂದಿ ಕರೆವ್ವ ಅವಳ ಎಲ್ಲಕ್ಕಿಂತ ಅಚ್ಚುಮೆಚ್ಚು. ಹಾಲು ಕುಡಿಯುವ ಮರಿಗಳಿಗೆ ರಕ್ತ ಕಮ್ಮಿಯಾಗದಂತೆ ಕಬ್ಬಿಣದ ಇಂಜೆಕ್ಷನ್ ಕೊಡಬೇಕು, ಅದಕ್ಕೆ ಡಾಕ್ಟರು ಬಂದಿದ್ದರು. ಸೂಜಿ ಚುಚ್ಚುವುದನ್ನು ಮೈಸಮ್ಮನಿಗೇ ಕಲಿಸಿ, ತಾವು ಮರಿಗಳ ನಡುವೆ ನಿಂತು ಮಾರ್ಗದರ್ಶನ ಮಾಡಿದರು. ಬಂದು ಎರಡು ಜಳಕ ಮಾಡಿದರು. ಮನೆ ಶುದ್ಧವಾಗಿ ಉಳಿಯಿತು.

ಎರಡು ದಿನ ಕಳೆದಿತ್ತೋ ಇಲ್ಲವೋ, ಮೈಸಮ್ಮನ ಫೋನ್ ಬಂತು.

"ಸಾಹೇಬ್ರ, ಮರಿಗೋಳು ಹಾಲು ಕಕ್ಕಾಕತ್ಯಾವ್ರಿ. ಜುಲಾಬು ನಿಂದ್ರವಲ್ದು. ಜಲ್ದಿ ಬರ್ರಿ."

ಡಾಕ್ಟರು ಹೋಗುವ ಹೊತ್ತಿಗೆ ಅಂಗಳದಲ್ಲಿ ಅವರಿಗಿಂತ ಮೊದಲೇ ಒಬ್ಬ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಅವನು ವೀರಭದ್ರ, ಆ ಊರ ಪಂಚಾಯಿತಿಯ ಮಾಜಿ ಸರ್ಪಂಚ್, ಡಾಕ್ಟರ ಹೆಂಡತಿಯ ತಮ್ಮ. ಮೈಸಮ್ಮನ ಗೋಡೆಗೆ ಹತ್ತಿಕೊಂಡೇ ಒಂದು ಫಂಕ್ಷನ್ ಹಾಲ್ ಕಟ್ಟಿಸಿದ್ದ. ಹಂದಿ ಅಲ್ಲಿ ಅವನ ಅಜ್ಜನ ಕಾಲದಿಂದ ಇದ್ದವು, ಹಾಲ್ ಬಂದು ವರ್ಷವಾಗಿತ್ತು. ಆದರೂ ವಾಸನೆ ತಂದವಳು ಮೈಸಮ್ಮನೇ ಎಂದು ಅವನ ವಾದ. ಮದುವೆ ಮುಗಿದ ಮೇಲೆ ಉಳಿದ ಅನ್ನ ಸಾರನ್ನು ಬಕೆಟ್‌ಗಟ್ಟಲೆ ಅದೇ ಗೋಡೆಯ ಮೇಲಿಂದ ಅವಳ ಹಂದಿಗಳಿಗೆ ಸುರಿಸುತ್ತಿದ್ದವನೂ ಅವನೇ. ಆಗ ಮೂಗಿಗೆ ಕರ್ಚೀಫು ಬೇಕಾಗುತ್ತಿರಲಿಲ್ಲ.

"ಮಾವ, ಪೇಪರ್‌ದಾಗ ಬಂದದ ನೋಡ್ರಿ, ಆಫ್ರಿಕಾದ್ದು ಹಂದಿಜ್ವರ ಅಂತ. ಅದು ಬಂತು ಅಂದ್ರ ಸರ್ಕಾರದವರು ಸುತ್ತಮುತ್ತಿನ ಹಂದಿ ಎಲ್ಲಾ ಹೊಡೆದು ಹುಗಿತಾರಂತ. ಖರೇ ಏನು?"

"ಖರೇ."

"ಮತ್ತ ಇದು ಅದೇ ಅದ. ನೀವು ಖಾಲಿ ಒಂದು ಮಾತು ಮ್ಯಾಲಿನವರಿಗಿ ಹಾಕ್ರಿ. ಮುಂದಿನ ತಿಂಗಳು ನಮ್ಮ ಮಗಳ ಲಗ್ನ ಇದೇ ಹಾಲ್‌ದಾಗ ಅದ. ನಮ್ಮ ಮಂದಿ ಎಲ್ಲಾ ಬರ್ತಾರ, ಮಠದ ಅಪ್ಪಗೋಳು ಬರ್ತಾರ. ಮಂತ್ರದ ನಡುವ ಇವು ಗುರ್ ಅಂದ್ರ ಚೊಲೋ ಕಾಣ್ತದೇನ್ರಿ?"

ಮನ್ಮಥಪ್ಪನವರಿಗೆ ಮಾತು ಚೆನ್ನಾಗಿಯೇ ಕೇಳಿಸಿತು. ಸುಳ್ಳೇಕೆ, ರುಚಿಯೂ ಆಯಿತು. 'ಆಫ್ರಿಕನ್ ಹಂದಿಜ್ವರದ ಸಂಶಯ' ಎಂದು ಒಂದು ಮಾತು ಹೇಳಿದರೆ ಸಾಕು. ಜಿಲ್ಲೆಯಿಂದ ಬಿಳಿ ಸೂಟಿನವರು ಬರುತ್ತಾರೆ, ಎಲ್ಲವನ್ನೂ ಅವರೇ ಮುಟ್ಟುತ್ತಾರೆ. ನಾಗಲಗಿದ್ದ ಮಂಡಲದಲ್ಲಿ ಹಂದಿಯೇ ಇಲ್ಲವೆಂದ ಮೇಲೆ ಹಂದಿ ಪ್ಯಾಂಟೂ ಬೇಕಿಲ್ಲ, ಹಿತ್ತಲ ಬಾಗಿಲೂ ಬೇಕಿಲ್ಲ. ಬೀಗರಲ್ಲಿ ಹೆಸರು, ಮಠದಲ್ಲಿ ಶಾಲು.

ಆದರೆ ಹಾಳಾದ ಹಂದಿಗಳು ಅದಕ್ಕೆ ಸಹಕರಿಸಲಿಲ್ಲ. ದೊಡ್ಡವು ಒಂದಕ್ಕೂ ಜ್ವರವಿರಲಿಲ್ಲ. ಕರೆವ್ವನಿಗೆ ಒಂದು ದಿನ ಹೊಟ್ಟೆ ಕೆಟ್ಟಿತ್ತಂತೆ, ಈಗ ಮೂತಿಯನ್ನು ತೊಟ್ಟಿಯಲ್ಲಿಟ್ಟು ಗಬಗಬ ತಿನ್ನುತ್ತಿದ್ದಳು. ಆ ಜ್ವರವಾಗಿದ್ದರೆ ದೊಡ್ಡವು ಮೊದಲು ಸಾಯಬೇಕಿತ್ತು. ಇಲ್ಲಿ ಸಾಯುತ್ತಿದ್ದದ್ದು ಹಾಲು ಕುಡಿಯುವ ಮರಿಗಳು ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಪಶುವೈದ್ಯರ ಮುಂದೆ ಇಡಲು ಹಂದಿಗಳಿಗೆ ಬಾಯಿ ಇರಲಿಲ್ಲ, ಅಷ್ಟೇ.

ಮೈಸಮ್ಮ ಇಷ್ಟೂ ಹೊತ್ತು ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಚಳಿಗೆ ನಡುಗುತ್ತಿತ್ತು. ಬಾಲ, ತೊಡೆ ಎಲ್ಲ ಹಳದಿ ನೀರಿನಲ್ಲಿ ತೊಯ್ದಿದ್ದವು. ವೀರಭದ್ರನ ಮಾತನ್ನು ಅವಳೂ ಕೇಳಿದ್ದಳು.

"ಸಾಹೇಬ್ರ, ರೋಗ ಯಾವ್ದಂತ ನೋಡದೇನೇ ಹೊಡಿತೀರೇನ್ರಿ ನನ್ನ ಹಂದಿಗೋಳಿಗಿ? ಇವು ಹೋದ್ರ ನಂದು ಏನು ಉಳೀತದ? ಒಂದು ಸಲ ಕೈಲೆ ಮುಟ್ಟಿ ನೋಡ್ರಿ. ಆಮ್ಯಾಲ ಏನ್ ಹೇಳ್ತೀರೋ ಹೇಳ್ರಿ."

ಕೈಲೆ ಮುಟ್ಟಿ. ಮನ್ಮಥಪ್ಪನವರಿಗೆ ಸಿಟ್ಟು ಬಂತು. ತಮ್ಮ ಮೇಲೋ ಅವಳ ಮೇಲೋ ತಿಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರ ಕೈ ಎಲ್ಲಿರುತ್ತದೆ ಎಂದು ಯಾರೂ ನೋಡಿಲ್ಲ ಎಂದೇ ಅವರು ತಿಳಿದಿದ್ದರು.

"ನಾಳಿಗಿ ಹೇಳ್ತೀನಿ" ಎಂದು ಭಾಮೈದನಿಗೆ ಹೇಳಿ ಅಲ್ಲಿಂದ ಕಳಿಸಿದರು. ಕರುಣೆ ಉಕ್ಕಿತು ಎಂದು ಯಾರೂ ತಪ್ಪು ತಿಳಿಯಬಾರದು. ಕಾಲೇಜಿನಲ್ಲಿ ಹಂದಿಯ ಪೇಪರಿಗೆ ತೆಗೆದ ಮಾರ್ಕು ಅವರನ್ನು ಚುಚ್ಚುತ್ತಿತ್ತು. ಬ್ಯಾಕ್ಟೀರಿಯಾ ಎಂದು ಸತೀಶಕುಮಾರನಿಗೆ ಹೇಳಿದ್ದು ತಪ್ಪಿರಬಹುದೇ ಎಂಬ ಹುಳ ತಲೆಗೆ ಹೊಕ್ಕಿತ್ತು. ಪುಸ್ತಕದ ಹಳೆಯ ಪುಟ ನೆನಪಾಯಿತು: ವೈರಸ್ಸಿನ ಭೇದಿಯಲ್ಲಿ ಕರುಳು ಹಾಲನ್ನು ಅರಗಿಸಲಾರದು, ಹಾಲು ಒಳಗೇ ಹುಳಿಯಾಗುತ್ತದೆ, ಭೇದಿಯೂ ಹುಳಿಯಾಗಿರುತ್ತದೆ. ಬ್ಯಾಕ್ಟೀರಿಯಾದ್ದಾದರೆ ಸಾಮಾನ್ಯವಾಗಿ ಅದರ ಉಲ್ಟಾ, ಕ್ಷಾರ.

ಊರಿನ ಹೈಸ್ಕೂಲಿನಲ್ಲಿ ಕಾಶಿನಾಥ ಮಾಸ್ತರು ವಿಜ್ಞಾನ ಕಲಿಸುತ್ತಿದ್ದರು. ಅವರಲ್ಲಿ ಲಿಟ್ಮಸ್ ಕಾಗದ ಕೇಳಿದಾಗ ಮಾಸ್ತರು ಸಂತೋಷದಿಂದ ಕೊಟ್ಟರು. ಯಾತಕ್ಕೆಂದು ಕೇಳಿದ ಮೇಲೆ ಸಂತೋಷ ಅಷ್ಟು ಉಳಿಯಲಿಲ್ಲ. ಉಳಿದದ್ದನ್ನು ವಾಪಸ್ ತರುವುದು ಬೇಡ ಎಂದರು.

ನೀಲಿ ಕಾಗದ ಮರಿಯ ಬಾಲದ ಕೆಳಗೆ ತಾಗಿದೊಡನೆ ಕೆಂಪಾಯಿತು. ಇನ್ನೊಂದು ಮರಿ, ಇನ್ನೊಂದು ಕಾಗದ. ಅದೂ ಕೆಂಪು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ಕಾಗದ ಸಾಕಷ್ಟು ಹೇಳುತ್ತಿತ್ತು. ಆದರೆ ಕಾಗದದ ಮಾತಿಗೆ ಜಿಲ್ಲೆಯವರು ತಲೆದೂಗುವುದಿಲ್ಲ, ವೀರಭದ್ರನಂತೂ ಇಲ್ಲವೇ ಇಲ್ಲ. ಲ್ಯಾಬಿಗೆ ಕರುಳು ಬೇಕು. ಅದೂ ಈಗತಾನೇ ರೋಗ ಹಿಡಿದ, ಇನ್ನೂ ಜೀವವಿರುವ ಮರಿಯದು. ಸತ್ತು ಒಂದು ತಾಸಾದರೆ ಕರುಳು ತಾನೇ ಕೊಳೆಯತೊಡಗುತ್ತದೆ, ಆಮೇಲೆ ಅದು ಹೇಳುವುದೆಲ್ಲ ಸುಳ್ಳು.

ಅವರು ದವಾಖಾನೆಗೆ ಫೋನು ಮಾಡಿದರು. "ಸ್ವಾಮಿ, ಜರಾ ಇಲ್ಲಿ ಬರ್ತೀರೇನು? ಒಂದು ಮರಿ ಕೊಯ್ಯೂದದ."

"ಸ್ವಾಮಿ ಶರಣಂ" ಎಂದ ಮಾಣಿಕ. "ನನ್ನ ಮಾಲಿ ಅದರಿ ಸಾಹೇಬ್ರ. ನಲವತ್ತೊಂದು ದಿನದ ಮಂಡಲ ಮುಗದ ಮ್ಯಾಲ ನೀವು ಹೇಳಿದ್ದ ಎಲ್ಲಾ ಕೊಯ್ತೀನಿ."

ಮೈಸಮ್ಮ ಮಡಿಲಿನ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದಳು.

"ಇದೊಂದು ಕೊಟ್ರ ದೊಡ್ಡವು ಉಳೀತಾವೇನ್ರಿ?"

"ಗೊತ್ತಾಗ್ತದ. ರೋಗ ಯಾವ್ದು ಅಂತ ಖರೇ ಗೊತ್ತಾಗ್ತದ."

"ಹಂಗಾರ ತಗೋರಿ."

ಮನ್ಮಥಪ್ಪನವರು ಅಂಗಿಯ ಮೇಲಿಂದ ಎದೆಯ ಲಿಂಗವನ್ನೊಮ್ಮೆ ಮುಟ್ಟಿ ನೋಡಿಕೊಂಡರು. ನೌಕರಿಗೆ ಸೇರಿದಾಗಿನಿಂದ ಬೆನ್ನ ಹಿಂದೆಯೇ ಇದ್ದ ಕೈಗಳು ಮುಂದೆ ಬಂದವು. ಮರಿ ಬೆಚ್ಚಗಿತ್ತು. ಅದೊಂದನ್ನು ಅವರು ನಿರೀಕ್ಷಿಸಿರಲಿಲ್ಲ. ಸೂಜಿ ಕೊಟ್ಟು ಅದನ್ನು ನೋವಿಲ್ಲದೆ ಮಲಗಿಸಿದರು. ಮೈಸಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಕೊಯ್ದಾಗ ಹೊಟ್ಟೆಯಲ್ಲಿ ಅರಗದ ಹಾಲಿನ ಗಡ್ಡೆ. ಕರುಳಿನ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ಹಳದಿ ನೀರು ಹೊರಗಿನಿಂದಲೇ ಕಾಣುತ್ತಿತ್ತು. ಒಂದು ತುಂಡನ್ನು ಸೀಳಿ ಸ್ಟೀಲ್ ತಟ್ಟೆಯ ನೀರಿನಲ್ಲಿಟ್ಟು ಭೂತಗನ್ನಡಿ ಹಿಡಿದರು. ನೆಟ್ಟಗಿರುವ ಕರುಳಿನ ಒಳಮೈಯಲ್ಲಿ ಹೊಸ ಟವೆಲಿನ ಮೇಲಿರುವಂಥ ಸಣ್ಣ ಎಳೆಗಳು ನೀರಿನಲ್ಲಿ ಎದ್ದು ನಿಲ್ಲುತ್ತವೆ, ಹಾಲನ್ನು ಹೀರುವುದು ಅವೇ. ಇಲ್ಲಿ ಒಂದು ಎಳೆಯೂ ಎದ್ದು ನಿಲ್ಲಲಿಲ್ಲ. ವೈರಸ್ಸು ಎಲ್ಲವನ್ನೂ ಬೋಳಿಸಿಬಿಟ್ಟಿತ್ತು. ತಾಯಿ ಎಷ್ಟು ಹಾಲು ಕೊಟ್ಟರೂ ಮರಿ ಹಸಿವಿನಿಂದಲೇ ಸಾಯಬೇಕು. ಸತೀಶಕುಮಾರನ ಮರಿಗಳಿಗೆ ತಾವು ಹೇಳಿದ ಆ್ಯಂಟಿಬಯಾಟಿಕ್ ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಕರುಳಿನ ಎರಡೂ ತುದಿಗೆ ದಾರ ಕಟ್ಟಿ, ಬಾಟಲಿಗೆ ಹಾಕಿ, ಕರೆವ್ವನ ಮತ್ತು ಇನ್ನೆರಡು ದೊಡ್ಡ ಹಂದಿಗಳ ಕಿವಿಯ ರಕ್ತವನ್ನೂ ತೆಗೆದು, ಲಸಿಕೆಯ ಥರ್ಮೋಕೋಲ್ ಡಬ್ಬಿಯಲ್ಲಿ ಐಸು ತುಂಬಿ ಇಟ್ಟರು. ಸ್ವಾಮಿಗಳು ಡಬ್ಬಿಯನ್ನೂ ಮುಟ್ಟುವುದಿಲ್ಲವಾದ್ದರಿಂದ ಡಾಕ್ಟರೇ ಹೈದರಾಬಾದಿನ ಬಸ್ಸು ಹತ್ತಿದರು. ಪಕ್ಕದ ಸೀಟಿಗೆ ಮಠದ ಭಕ್ತೆ ಶಕುಂತಲಾಬಾಯಿ ಬಂದು ಕೂತರು. ಡಾಕ್ಟರ ತೊಡೆಯ ಮೇಲಿನ ಡಬ್ಬಿ ನೋಡಿ, "ಔಷಧ ಏನ್ರಿ? ನಿಮ್ಮದು ಪುಣ್ಯದ ಕೆಲಸ ಬಿಡ್ರಿ" ಎಂದು, ತಮ್ಮ ಹೂವಿನ ಬುಟ್ಟಿಯನ್ನು ಅದರ ಮೇಲೆಯೇ ಇಟ್ಟು ನಿದ್ದೆ ಹೋದರು. ಹೈದರಾಬಾದಿನ ತನಕ ಡಾಕ್ಟರು ಅಲುಗಾಡಲಿಲ್ಲ. ಆಕಾಶವೂ ಕಳಚಿ ಬೀಳಲಿಲ್ಲ.

ಮರುದಿನದಿಂದ ವೀರಭದ್ರ ಬೆಳಿಗ್ಗೆ ಸಂಜೆ ಫೋನು ಮಾಡತೊಡಗಿದ. ಮೈಸಮ್ಮ ಮಾಡಲಿಲ್ಲ. ಅವಳ ಫೋನು ಬರದಿದ್ದದ್ದೇ ಡಾಕ್ಟರಿಗೆ ಹೆಚ್ಚು ಕಾಡಿತು. ಕೊನೆಗೆ ಒಂದು ಮಧ್ಯಾಹ್ನ ಲ್ಯಾಬಿನ ಮೇಡಂ ಫೋನು ಮಾಡಿದರು.

"ಆಫ್ರಿಕನ್ ಹಂದಿಜ್ವರ ಅಲ್ಲ, ರಕ್ತ ಕ್ಲೀನ್ ಇದೆ. ಕರುಳಿನಲ್ಲಿ ಮರಿಗಳ ಭೇದಿಯ ವೈರಸ್ ಸಿಕ್ಕಿದೆ. ದೊಡ್ಡವನ್ನು ಮುಟ್ಟಬೇಡಿ, ಅವು ತಡೆದುಕೊಳ್ಳುತ್ತವೆ. ಸ್ಯಾಂಪಲ್ ಬಹಳ ಚೆನ್ನಾಗಿ ತೆಗೆದಿದ್ದೀರಿ ಡಾಕ್ಟರ್, ಯಾರು ಮಾಡಿದ್ದು?"

"ನಾನೇ" ಎಂದರು ಮನ್ಮಥಪ್ಪನವರು. ಎದೆ ಉಬ್ಬಿತು. ಒಳ್ಳೆಯ ಸುದ್ದಿ ಹೇಳಲು ಹೊರಡಬೇಕೆಂದು ಮಾತನಾಡುತ್ತಲೇ ಶೆಡ್ಡಿಗೆ ನಡೆದು ಮೊಳೆಯಿಂದ ಪ್ಯಾಂಟು ತೆಗೆದರು.

"ಇದು ಬಹಳ ಬೇಗ ಹರಡುತ್ತದೆ" ಎನ್ನುತ್ತಿದ್ದರು ಮೇಡಂ. "ಅಲ್ಲಿಗೆ ಹೇಗೆ ಬಂತು ಹುಡುಕಿ. ಹೊಸ ಹಂದಿ ಏನಾದರೂ ತಂದಿದ್ದಾರಾ? ಇಲ್ಲದಿದ್ದರೆ ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಓಡಾಡುವವರು ಯಾರಾದರೂ ಇರಬೇಕು. ಬಟ್ಟೆಗೆ, ಬೂಟಿಗೆ ಒಣಗಿದ ಸಗಣಿ ಹತ್ತಿದ್ದರೂ ಸಾಕು, ಈ ಚಳಿಯಲ್ಲಿ ವೈರಸ್ ಎಷ್ಟೋ ದಿನ ಬದುಕಿರುತ್ತದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರ ಕಣ್ಣು ಕೈಯಲ್ಲಿದ್ದ ಪ್ಯಾಂಟಿನ ಅಂಚಿಗೆ ಹೋಯಿತು. ಅಲ್ಲಿ ಹಳದಿ ಹಕ್ಕಳೆ. ಗಮ್‌ಬೂಟನ್ನು ತಿರುಗಿಸಿ ಅಡಿಯ ಸಂದನ್ನು ಕಡ್ಡಿಯಿಂದ ಕೆದಕಿದರು. ಹಳದಿಯಲ್ಲಿ ಅಂಟಿ ಗಟ್ಟಿಯಾದ ಭತ್ತದ ಹೊಟ್ಟು ಉದುರಿತು. ಮೈಸಮ್ಮನ ಅಂಗಳದಲ್ಲಿ ಬರೀ ಮಣ್ಣು. ಹೊಟ್ಟು ಹರಡುವವನು ಈ ಸೀಮೆಯಲ್ಲಿ ಸತೀಶಕುಮಾರ ಒಬ್ಬನೇ.

"ಹಲೋ? ಡಾಕ್ಟರ್? ಯಾರು ಓಡಾಡ್ತಾರೆ ಅಂತ ಗೊತ್ತಾ?"

"ಗೊತ್ತಾಯ್ತು ಮೇಡಂ" ಎಂದು ಫೋನಿಟ್ಟರು.

ಅವರು ಎಮ್ಮೆಯ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಇದೇ ನಲ್ಲಿಯಲ್ಲಿ ಇಷ್ಟು ವರ್ಷ ಮೈ ತಿಕ್ಕಿ ತಿಕ್ಕಿ ತೊಳೆದಿದ್ದರು. ಒಂದು ತಂಬಿಗೆ ನೀರು ಬೂಟಿನ ಮೇಲೆ ಹಾಕಿದ್ದರೆ ಮುಗಿಯುತ್ತಿತ್ತು. ಹಂದಿಯ ಮೈಲಿಗೆ ಮನೆಗೆ ಹತ್ತಬಾರದೆಂದು ಇಡೀ ಮನೆತನ ಕಾವಲು ಕಾದಿತ್ತು. ತಮ್ಮ ಮೈಲಿಗೆ ಹಂದಿಗೆ ಹತ್ತೀತೆಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಅಂದು ಅವರು ಪ್ಯಾಂಟು ತೊಡಲಿಲ್ಲ. ತೊಳೆದ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಮೈಸಮ್ಮನ ಗೋಡೆಯ ಹೊರಗೆ ನಿಂತು ಅವಳನ್ನು ಕರೆದರು. ದೊಡ್ಡ ಹಂದಿಗಳನ್ನು ಯಾರೂ ಹೊಡೆಯುವುದಿಲ್ಲ ಎಂದು ಮೊದಲು ಹೇಳಿದರು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ರೋಗ ಎಲ್ಲಿಂದ ಬಂತೆಂದು ಆಮೇಲೆ ಹೇಳಿದರು. ಹೇಳದಿದ್ದರೆ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಕರೆವ್ವ ಇನ್ನು ಮೂರ್ನಾಲ್ಕು ವಾರದಲ್ಲಿ ಮರಿ ಹಾಕುವವಳು. ಬಾಗಿಲಲ್ಲಿ ಯಾರನ್ನು ತಡೆಯಬೇಕೆಂದು ಮೈಸಮ್ಮನಿಗೆ ಗೊತ್ತಿರಲೇಬೇಕಿತ್ತು.

ಮೈಸಮ್ಮ ಮರಿಗಳನ್ನು ಹುಗಿದ ಮೂಲೆಯ ಕಡೆ ನೋಡಿದಳು. 

"ನಮ್ಮ ಅಂಗಳಕ್ಕ ಬಂದು ಹೋದ ಮ್ಯಾಲ ಜಳಕ ಮಾಡ್ತೀರಿ ಅಂತ ನನಗ ಮೊದ್ಲಿಂದ ಗೊತ್ತದರಿ ಸಾಹೇಬ್ರ. ಊರ ಮಂದಿಗೆಲ್ಲಾ ಗೊತ್ತದ. ಬರೂಕಿಂತ ಮೊದ್ಲ ಒಂದು ಸಲ ಮಾಡಿದ್ರ ನನ್ನ ಮರಿಗೋಳು ಉಳೀತಿದ್ದವು."

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಡಾಕ್ಟರು ಮುಂದೆ ಏನೇನು ಮಾಡಬೇಕೆಂದು ಹೇಳಿದರು. ಕರೆವ್ವನಿಗೆ ಹೊಲದ ತುದಿಯಲ್ಲಿ ಹೊಸ ಜಾಗ. ಸುತ್ತ ಬೇಲಿ, ಬಾಗಿಲಲ್ಲಿ ಸುಣ್ಣ. ಯಾರೇ ಬರಲಿ, ಕಾಲು ತೊಳೆಯದೆ ಒಳಗೆ ಬಿಡಬಾರದು. ಕರೆವ್ವನಿಗೆ ಈಗಾಗಲೇ ರೋಗ ಬಂದು ಹೋಗಿರುವುದರಿಂದ ಅವಳ ಹಾಲಿನಲ್ಲಿ ಮರಿಗಳಿಗೆ ಕಾಪು ಸಿಗಬಹುದು. ಸಿಗಬಹುದು, ಅಷ್ಟೇ. ಖಂಡಿತ ಎಂದು ಹೇಳುವ ಧೈರ್ಯ ಅವರಿಗೆ ಆ ದಿನ ಇರಲಿಲ್ಲ.

ವೀರಭದ್ರ ಮೂರು ದಿನ ಮಾತು ಬಿಟ್ಟ. "ನಿಮಗ ನಮ್ಮ ಮಂದಿಗಿಂತ ಅವು ಹೆಚ್ಚಾದ್ವು" ಎಂದು ಅಕ್ಕನಿಗೆ ಫೋನು ಮಾಡಿ ಅತ್ತ. ಮಗಳ ಲಗ್ನ ಆ ಹಾಲಿನಲ್ಲೇ ಆಯಿತು. ಮಂತ್ರದ ನಡುವೆ ಗೋಡೆಯಾಚೆ ಒಂದು ಗುರ್ ಎಂದಿತಂತೆ. ಲಗ್ನ ನಿಲ್ಲಲಿಲ್ಲ. ಉಳಿದ ಅನ್ನ ಈ ಸಲ ಯಾರಿಗೆ ಸುರಿಯಬೇಕೆಂದು ತಿಳಿಯದೆ ಟ್ರ್ಯಾಕ್ಟರ್ ಕರೆಸಬೇಕಾಯಿತು. ಕರೆವ್ವನ ಮರಿ ದೊಡ್ಡವಾಗುವವರೆಗೆ ಹೊರಗಿನದೇನೂ ಬೇಡ ಎಂದು ಮೈಸಮ್ಮ ಗೋಡೆಯ ಮೇಲಿಂದ ಕೈ ಅಲ್ಲಾಡಿಸಿಬಿಟ್ಟಿದ್ದಳು.

ಹಂದಿ ಪ್ಯಾಂಟಿನ ಉಪಚಾರವೂ ಆಯಿತು. ಡಾಕ್ಟರು ದವಾಖಾನೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ, ತಗಡಿನ ಡಬ್ಬಿಯ ನೀರಿಗೆ ಒಗೆಯುವ ಸೋಡಾ ಹಾಕಿ, ತಾವೇ ಕೋಲಿನಿಂದ ತಿರುವುತ್ತ ಅದನ್ನು ಕುದಿಸಿದರು. ಮೊದಲ ನೀರು ಕರಿ, ಎರಡನೆಯದು ಕಂದು, ನಾಲ್ಕನೆಯದಕ್ಕೆ ಪ್ಯಾಂಟಿನ ಬಣ್ಣ ಹೊರಬಂತು. ಅದು ಖಾಕಿಯೇ ಅಲ್ಲ, ಹಸಿರು. ಮಾಣಿಕ ಸ್ವಾಮಿ ದೂರದಲ್ಲಿ ನಿಂತು ಶರಣಂ ಎಂದ.

ಕರೆವ್ವ ಮರಿ ಹಾಕಿದಳೆಂಬ ಸುದ್ದಿ ಬಂದ ಬೆಳಿಗ್ಗೆ ಮನ್ಮಥಪ್ಪನವರು ಎದ್ದವರೇ ಹಿತ್ತಲಿಗೆ ಹೋಗಿ ತಲೆಯ ಮೇಲಿಂದ ನೀರು ಸುರಿದುಕೊಂಡರು. ಗುರುಲಿಂಗಮ್ಮ ಅಡುಗೆಮನೆಯಿಂದ ಬಂದು ನೋಡಿದರು.

"ಇಷ್ಟು ಮುಂಜಾನೆ ಎಲ್ಲಿಗಪಾ? ಮಠಕ್ಕೇನು?"

"ಅಲ್ಲ ಅವ್ವಾ. ಹಂದಿ ಕಡಿ."

ಆ ಹೆಸರು ಆ ಮನೆಯಲ್ಲಿ ಕೇಳಿಸಿ ಎಷ್ಟು ವರ್ಷವಾಗಿತ್ತೋ. ಗುರುಲಿಂಗಮ್ಮ ಸೆರಗು ಬಾಯಿಗೆ ಹಿಡಿದರು. "ಹೋಗಿ ಬಂದು ಮಾಡೂದು ಬಿಟ್ಟು ಹೋಗೂಕಿಂತ ಮೊದ್ಲ ಜಳಕಾ? ಅದರ ಪೂಜಾ ಮಾಡಾಕ ಹೊಂಟೀಯೇನು?"

"ಹಂಗೇ ತಿಳಕೋ" ಎಂದು ಡಾಕ್ಟರು ಒಗೆದ ಪ್ಯಾಂಟು ತೊಟ್ಟು ಹೊರಟರು. ಬೂಟನ್ನು ಬೇರೆ ಚೀಲದಲ್ಲಿ ಹಾಕಿಕೊಂಡಿದ್ದರು.

ಹೊಲದ ತುದಿಯ ಹೊಸ ಬೇಲಿಯ ಬಾಗಿಲಲ್ಲಿ ಮೈಸಮ್ಮ ಕೊಡ ಹಿಡಿದು ನಿಂತಿದ್ದಳು. ಡಾಕ್ಟರು ಹತ್ತಿರ ಬರುತ್ತಿದ್ದಂತೆ ಕೈ ಎತ್ತಿದಳು.

"ಅಲ್ಲೇ ನಿಂದ್ರಿ ಸಾಹೇಬ್ರ. ಆ ಕಲ್ಲಿನ ಮ್ಯಾಲ."

ಅವರು ಕಲ್ಲಿನ ಮೇಲೆ ನಿಂತರು. ಜಳಕ ಮಾಡಿಯೇ ಬಂದಿದ್ದರೂ ಒಂದು ಕಾಲು ಮುಂದೆ ಮಾಡಿದರು. ಮೈಸಮ್ಮ ಕೊಡವನ್ನು ಎತ್ತರಕ್ಕೆ ಹಿಡಿದು, ಎಲ್ಲೂ ತಾಗದಂತೆ, ದೂರದಿಂದ ಅವರ ಕಾಲಿನ ಮೇಲೆ ನೀರು ಸುರಿದಳು. ಪೌಷದ ಚಳಿಯ ನೀರು. ಹೀಗೆ ದೂರದಿಂದ, ಎತ್ತರದಿಂದ ನೀರು ಸುರಿಯುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದರು. ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಅವ್ವ ಸುರಿಯುತ್ತಿದ್ದಳು, ಕೆಳಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದವರು ಮೈಸಮ್ಮನಂಥವರು. ಕೆಳಗೆ ನಿಂತರೆ ಹೇಗಿರುತ್ತದೆಂದು ಅವರಿಗೆ ಈಗ ತಿಳಿಯಿತು. ಮೈಸಮ್ಮನ ಮುಖದಲ್ಲಿ ಸೇಡೂ ಇರಲಿಲ್ಲ, ನಗುವೂ ಇರಲಿಲ್ಲ. ಡಾಕ್ಟರೇ ಹೇಳಿಕೊಟ್ಟ ಕೆಲಸವನ್ನು ಅವಳು ಹೇಳಿದಂತೆ ಮಾಡುತ್ತಿದ್ದಳು.

"ಇನ್ನೊಂದು ಕಾಲು ಮುಂದ ಮಾಡ್ರಿ."

ಮಾಡಿದರು. ಕೈಯನ್ನೂ ಚಾಚಿದರು. ಅದಕ್ಕೂ ನೀರು ಬಿತ್ತು. ತೊಳೆದ ಕೈಗಳನ್ನು ಮುಂದೆ ಹಿಡಿದುಕೊಂಡು, ಮರಿಗಳನ್ನು ಮುಟ್ಟಿ ನೋಡುವ ಆಸೆಯಿಂದ ಒಂದು ಹೆಜ್ಜೆ ಇಟ್ಟರು.

"ಒಳಗ ಬ್ಯಾಡ್ರಿ" ಎಂದಳು ಮೈಸಮ್ಮ. "ಮರಿ ಹುಟ್ಟಿ ಇನ್ನೂ ವಾರ ಆಗಿಲ್ಲ. ಅಲ್ಲಿಂದೇ ನೋಡ್ರಿ, ನಾ ತೋರಸ್ತೀನಿ."

ಇಪ್ಪತ್ತು ವರ್ಷ ಹಂದಿಗಳ ನಡುವೆ ನಿಂತು ಮುಟ್ಟದೇ ಇದ್ದ ಡಾಕ್ಟರ್ ಮನ್ಮಥಪ್ಪನವರು ಬೇಲಿಯ ಹೊರಗೆ, ತೊಯ್ದ ಕಾಲಿನಲ್ಲಿ, ಕತ್ತು ಉದ್ದ ಮಾಡಿ ನೋಡಿದರು. ಕರೆವ್ವ ಮಗ್ಗುಲಾಗಿ ಮಲಗಿದ್ದಳು. ಸಾಲಾಗಿ ಅಂಟಿಕೊಂಡ ಕರಿ ಮರಿಗಳು ಒಂದನ್ನೊಂದು ತಳ್ಳುತ್ತ ಹಾಲು ಚೀಪುತ್ತಿದ್ದವು. ಮೈಸಮ್ಮ ಒಂದನ್ನು ಎತ್ತಿ, ಅವರಿಗೆ ಕಾಣುವಂತೆ ಅದರ ಹಿಂಭಾಗವನ್ನು ಬೇಲಿಯ ಕಡೆ ತಿರುಗಿಸಿ ಹಿಡಿದಳು.

"ನೋಡ್ರಿ ಸಾಹೇಬ್ರ" ಎಂದಳು. "ಬಾಲ ಒಣಗೇ ಅದ."